ಯಾರ ಬಾಗಿಲು ತಟ್ಟಿದಿರಿ? ರಾಗಿ ಮಾಲ್ಟ್ ಮಾಡುವ ಗುಂಪೊಂದರಲ್ಲಿ ಬಲ ಹಂಚಿಕೊಂಡ ಪ್ರಕರಣ

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ, 14 ಹೆಂಗಸರ ಸ್ವಸಹಾಯ ಗುಂಪು. ಮೊಳಕೆ ರಾಗಿ ಮಾಲ್ಟ್, ಹುರುಳಿ ಚಟ್ನಿಪುಡಿ, ಕಡಲೆಕಾಯಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಮನೆಯಲ್ಲಿ ತೆಲುಗು, ಸಭೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಇದು ತರಬೇತಿಗೆಂದು ಕಟ್ಟಿದ ಮಾದರಿ ಪ್ರಕರಣ. ಇಂಥ ಗುಂಪುಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಗುಂಪಿನ ಮೇಲೆ ಇಟ್ಟು ತೋರಿಸಿದೆ. ಸದಸ್ಯರ ಸಂಖ್ಯೆ, ಕಾಳಿನ ಲೆಕ್ಕ ಎಲ್ಲ ವಿಧಾನ ತಿಳಿಯಲಿ ಎಂದು ಕೊಟ್ಟವು.

ಕೆಲಸ ನಿಂತದ್ದು ಹೇಗೆ

ಸಂಕ್ರಾಂತಿಗೆ ಮೂರು ವಾರ ಇರುವಾಗ ಗುಂಪಿನ ಇಬ್ಬರು ಪ್ರತಿನಿಧಿಗಳಲ್ಲಿ ಎರಡನೆಯವಳು ಮಗಳ ಬಾಣಂತನಕ್ಕೆಂದು ಮದನಪಲ್ಲಿಗೆ ಹೋದಳು. ಬಿಲ್ಲು, ಬ್ಯಾಂಕು, ಲೇಬಲ್ಲಿನ ಬ್ಯಾಚ್ ನಂಬರು ಎಲ್ಲವೂ ಅವಳ ಕೈಯಲ್ಲಿತ್ತು. ಪುಸ್ತಕ ಅವಳ ಮನೆಯ ಬೀರುವಿನಲ್ಲಿ, ಬೀಗದ ಕೈ ಅವಳ ಸೆರಗಿನಲ್ಲಿ. ಎರಡು ಅಂಗಡಿಗಳಿಗೆ ಸರಕು ಹೋಯಿತು, ಬಿಲ್ಲು ಹೋಗಲಿಲ್ಲ, ದುಡ್ಡೂ ಬರಲಿಲ್ಲ. ಅದೇ ವಾರ 40 ಕಿಲೋ ರಾಗಿಯ ಮಾಲ್ಟು ಡಬ್ಬಿಯಲ್ಲೇ ಗಂಟುಗಟ್ಟಿ ಮುಗ್ಗಲು ವಾಸನೆ ಬಂತು. ಜೊತೆಗೆ ಒಂದಷ್ಟು ಪೊಟ್ಟಣಗಳ ಸೀಲು ಬಿಟ್ಟುಕೊಂಡಿತು.

ಮಾಲ್ಟು ಕೆಟ್ಟ ಕಾರಣ ಹುಡುಕಿದಾಗ ಸಿಕ್ಕಿದ್ದು ಇದು: ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಮೇಲೆ ಪೂರ್ತಿ ಒಣಗಿಸಬೇಕು. ಬೇಸಿಗೆಯಲ್ಲಿ ಒಂದೂವರೆ ದಿನಕ್ಕೆ ಒಣಗುವ ಕಾಳು ಧನುರ್ಮಾಸದ ಮಂಜಿನಲ್ಲಿ ಎರಡು ಮೂರು ದಿನ ಕೇಳುತ್ತದೆ. ಮೇಲಿನ ಸಿಪ್ಪೆ ಬೇಗ ಒಣಗಿ ಗರಿಗರಿ ಎನ್ನುತ್ತದೆ, ಒಳಗೆ ಪಸೆ ಉಳಿದಿರುತ್ತದೆ. ಹುರಿದರೂ ಆ ಪಸೆ ಪೂರ್ತಿ ಹೋಗುವುದಿಲ್ಲ. ಬೀಸಿದ ಹಿಟ್ಟು ಪೊಟ್ಟಣದೊಳಗೆ ಬೆವರುತ್ತದೆ. ಪ್ರತಿ ಸಲ "ಇನ್ನೊಂದು ಬಿಸಿಲು ಬೇಕು" ಎಂದು ತಡೆಯುತ್ತಿದ್ದವಳು ಗುಂಪಿನ ಅತಿ ಹಿರಿಯ ಸದಸ್ಯೆ. ಆ ದಿನ ಅವಳು ಮೊಮ್ಮಗನ ಜೊತೆ ಆಸ್ಪತ್ರೆಗೆ ಹೋಗಿದ್ದಳು. ಅವಳು ತಡೆಯುತ್ತಿದ್ದಳು ಎಂಬುದೇ ಗುಂಪಿಗೆ ಹೊಳೆದಿರಲಿಲ್ಲ, ಏಕೆಂದರೆ ಸಭೆಯಲ್ಲಿ ಅವಳು ಬಾಯಿ ಬಿಟ್ಟವಳಲ್ಲ. ಹೆಬ್ಬೆಟ್ಟು ಒತ್ತಿ, ಉಳಿತಾಯ ಕಟ್ಟಿ, ಗೋಡೆಗೊರಗಿ ಕೂರುವುದಷ್ಟೇ ಅವಳ ಸಭೆ.

ಸ್ವಸಹಾಯ ಗುಂಪುಗಳ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ವಿಷಯ ಬಂದಾಗ "ಎಲ್ಲರೂ ಎಲ್ಲ ಕೆಲಸ ಕಲಿಯಲಿ" ಎಂಬ ಸಲಹೆ ಬಂತು. ಕೇಳಲು ಚೆಂದ, ಮಾಡಲು ಆಗದು. 14 ಜನಕ್ಕೆ 11 ಬಗೆಯ ಕೆಲಸ ಕಲಿಸುವ ಹೊತ್ತಿಗೆ ಸುಗ್ಗಿ ಬಂದಿರುತ್ತದೆ. ಯಾರಿಗೆ ಏನು ಬರುತ್ತದೆ, ಅದನ್ನು ಇನ್ನಾರಿಗೆ ದಾಟಿಸಬೇಕು, ಇಷ್ಟು ತಿಳಿದರೆ ಸಾಕಿತ್ತು. ಅದಕ್ಕೆಂದೇ ಎರಡು ಮಧ್ಯಾಹ್ನಗಳ ಚಟುವಟಿಕೆ ಗೊತ್ತುಮಾಡಲಾಯಿತು.

ಗುಣದ ಪಟ್ಟಿ ಏಕೆ ಬೇಡವಾಯಿತು

ತಂಡದವರು ತಮ್ಮ ತಮ್ಮ ಬಲ, ಎಂದರೆ ಯಾರಿಗೆ ಏನು ಚೆನ್ನಾಗಿ ಬರುತ್ತದೆ ಎಂಬುದನ್ನು, ಹೇಳಿಕೊಳ್ಳುವ ಆಟಗಳು ಹೊಸವಲ್ಲ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ರೂಪಿಸಿದ ಜೋಹಾರಿ ಕಿಟಕಿ ಇಂದಿಗೂ ತರಬೇತಿಗಳಲ್ಲಿ ಓಡುತ್ತದೆ. ನಮಗೆ ಗೊತ್ತಿದ್ದು ಇತರರಿಗೂ ಗೊತ್ತಿರುವುದು, ಇತರರಿಗೆ ಗೊತ್ತಿದ್ದು ನಮಗೇ ಗೊತ್ತಿಲ್ಲದ್ದು, ಹೀಗೆ ನಾಲ್ಕು ಮನೆ. ಅದನ್ನು ತುಂಬಲು 56 ಗುಣವಾಚಕಗಳ ಪಟ್ಟಿ ಕೊಟ್ಟು ಆರಿಸಿ ಎನ್ನುತ್ತಾರೆ. ಕಿಟಕಿಯ ವಿಚಾರ ಗಟ್ಟಿಯಾದದ್ದೇ. ಮೇಲಿನ ಹಿರಿಯ ಸದಸ್ಯೆಯ ಬಲವೂ ಪಕ್ಕದಲ್ಲಿ ಕೆಲಸ ಮಾಡಿದವರ ಕಣ್ಣಿಗೆ ಬಿದ್ದು, ಅವಳಿಗೇ ಬಲ ಎನಿಸದ ಆ ಎರಡನೇ ಮನೆಯದೇ. ಆದರೆ ಗುಣದ ಪಟ್ಟಿ ಹಳ್ಳಿಯ ಗುಂಪಿನಲ್ಲಿ ಕೈಕೊಡುತ್ತದೆ. "ತಾಳ್ಮೆ", "ಧೈರ್ಯ", "ಒಳ್ಳೆ ಮನಸ್ಸು" ಎಂದರೆ ಯಾರ ಹೆಸರನ್ನು ಬೇಕಾದರೂ ಮುಂದೆ ಇಡಬಹುದು. ತಾಳ್ಮೆ ಇದ್ದವಳಿಗೆ ನಾಳೆ ಬೆಳಿಗ್ಗೆ ಯಾವ ಕೆಲಸ ಕೊಡೋಣ ಎಂದರೆ ಉತ್ತರ ಇಲ್ಲ.

ಇನ್ನೊಂದು ತೊಡಕು ನಮ್ಮ ಕಡೆಯದೇ. "ನಿನಗೇನು ಚೆನ್ನಾಗಿ ಬರುತ್ತೆ ಹೇಳಮ್ಮ" ಎಂದು ನೇರ ಕೇಳಿದರೆ "ನನಗೇನ್ ಬರ್ತದೆ, ಅಡಿಗೆ ಮಾಡಾದು, ಹಸ ನೋಡ್ಕೊಳ್ಳಾದು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ತನ್ನನ್ನು ತಾನೇ ಹೊಗಳಿಕೊಂಡವಳು ಎಂಬ ಮಾತು ಯಾರಿಗೂ ಬೇಡ. ಹಾಗಾಗಿ ಪ್ರಶ್ನೆಯನ್ನು ಮಗ್ಗುಲು ಬದಲಿಸಿ ಕೇಳುವುದೆಂದಾಯಿತು: ಕೆಲಸ ಕೆಟ್ಟಾಗ ನೀವು ಯಾರ ಬಾಗಿಲು ತಟ್ಟಿದಿರಿ?

ಮೊದಲ ಮಧ್ಯಾಹ್ನ: ಅವರೆಕಾಳಿನ ಎಲೆಕ್ಷನ್ನು

ಹೊತ್ತು 1.30ರಿಂದ 3.45. ಅದಕ್ಕಿಂತ ಎಳೆದರೆ ಡೇರಿಗೆ ಹಾಲು ಹಾಕುವ ಹೊತ್ತಾಗಿ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಗಡಿಯಾರಕ್ಕಿಂತ ಹಸುವಿಗೆ ಹೆಚ್ಚು ಬೆಲೆ ಎಂಬುದನ್ನು ನಡೆಸುವವರು ಮೊದಲೇ ಒಪ್ಪಿಕೊಂಡಿರಬೇಕು.

ಓದು ಬರಹ ಬಾರದವರೂ ಇದ್ದುದರಿಂದ ಚೀಟಿಯ ಬದಲು ಕಾಳು. 14 ಬಟ್ಟಲು, ಪ್ರತಿ ಬಟ್ಟಲಿನ ಮುಂದೆ ಅವಳದೇ ಒಂದು ಗುರುತು: ಬಳೆ, ಬಾಚಣಿಗೆ, ಬೀಗದ ಕೈ, ಹೀಗೆ. ಒಬ್ಬೊಬ್ಬರಿಗೂ 5 ಒಣ ಅವರೆಕಾಳು, ಒಟ್ಟು 70. ಕಳೆದ ಆರು ತಿಂಗಳಲ್ಲಿ ಯಾರ ಹತ್ತಿರ ಸಹಾಯ ಕೇಳಿದಿರೋ ಅವರ ಬಟ್ಟಲಿಗೆ ಹಾಕಬೇಕು. ತನ್ನದಕ್ಕೆ ಹಾಕುವಂತಿಲ್ಲ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಹಾಕುವಂತಿಲ್ಲ.

ಕೊನೆಗೆ ಎಣಿಸಿದಾಗ ಮೊದಲ ಪ್ರತಿನಿಧಿಗೆ 16, ಆಗಷ್ಟೇ ಮದನಪಲ್ಲಿಯಿಂದ ಮರಳಿದ್ದ ಎರಡನೆಯವಳಿಗೆ 13. ಮೂವರ ಬಟ್ಟಲು ಖಾಲಿ. ಉಳಿದ 41 ಕಾಳು ಒಂಬತ್ತು ಜನಕ್ಕೆ ಹಂಚಿಹೋಗಿದ್ದವು. ಖಾಲಿ ಬಟ್ಟಲಿನ ಒಬ್ಬಳು ತನ್ನ ಬಾಚಣಿಗೆ ಎತ್ತಿಕೊಂಡು ಸೆರಗಿಗೆ ಸಿಕ್ಕಿಸಿಕೊಂಡಳು. ಮಾತಾಡಲಿಲ್ಲ. ಬಲ ತೋರಿಸಬೇಕಾದ ಆಟ ಪಂಚಾಯಿತಿ ಎಲೆಕ್ಷನ್ನಾಗಿ ಮುಗಿದಿತ್ತು.

ಇಲ್ಲಿ ತಪ್ಪಿದ್ದು ಮೂರು ಕಡೆ. ಬಟ್ಟಲುಗಳು ಎಲ್ಲರ ಎದುರಿಗೆ ತೆರೆದಿದ್ದವು, ಆದ್ದರಿಂದ ಕಾಳು ಹಾಕುವವಳು ಯಾರು ನೋಡುತ್ತಿದ್ದಾರೆ ಎಂದು ಲೆಕ್ಕ ಹಾಕಿದಳು. ಸಾಲದ ಅರ್ಜಿಗೆ ಸಹಿ ಹಾಕುವ ಪ್ರತಿನಿಧಿಯ ಬಟ್ಟಲಿಗೆ ಹಾಕದೆ ಇರುವುದು ಕಷ್ಟವೇ. ಎರಡನೆಯದು, "ಸಹಾಯ" ಎಂಬ ಮಾತು ಬಲು ಅಗಲ. ಬಸ್ಸಿಗೆ ದುಡ್ಡು ಕೊಟ್ಟದ್ದೂ ಸಹಾಯವೇ, ಮಾಲ್ಟಿನ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೂರನೆಯದೇ ಮುಖ್ಯ. ಎಣಿಕೆ ಇದ್ದಲ್ಲಿ ಸೋತವರೂ ಇರುತ್ತಾರೆ. ಹಿರಿಯಳಿಗೆ ಬಂದದ್ದು ಒಂದೇ ಕಾಳು, ಅದೂ ಸೊಸೆ ಹಾಕಿದ್ದು. 40 ಕಿಲೋ ರಾಗಿಯ ಮಾಲ್ಟ್ ಯಾಕೆ ಕೆಟ್ಟಿತು ಎಂಬ ಪ್ರಶ್ನೆಗೆ ಈ ಬಟ್ಟಲುಗಳಲ್ಲಿ ಉತ್ತರವೇ ಇರಲಿಲ್ಲ.

ಎರಡನೇ ಮಧ್ಯಾಹ್ನ: ಸುತ್ತು ಕೂತು

ಒಂದು ವಾರ ಬಿಟ್ಟು ಮತ್ತೆ ಕೂತಾಗ ಕಾಳು ಬಟ್ಟಲು ಎರಡೂ ಇರಲಿಲ್ಲ. 1ರಿಂದ 14ರವರೆಗೆ ಚೀಟಿ ಎತ್ತಿ, ನಂಬರಿನಂತೆ ಸುತ್ತಾಗಿ ಕೂರುವುದು. ಪ್ರತಿಯೊಬ್ಬಳೂ ತನ್ನ ಎಡಗಡೆಯ ಇಬ್ಬರ ಬಗ್ಗೆ ಒಂದೊಂದು ಪ್ರಸಂಗ ಹೇಳಬೇಕು. ಹೀಗೆ ಮಾಡಿದರೆ ಎಲ್ಲರಿಗೂ ಸರಿಯಾಗಿ ಎರಡೆರಡು ಮಾತು ಬರುತ್ತವೆ, ಯಾರ ಬಟ್ಟಲೂ ಖಾಲಿ ಉಳಿಯುವುದಿಲ್ಲ. ಒಟ್ಟು 28 ಪ್ರಸಂಗ, ಒಂದಕ್ಕೆ ಎರಡು ನಿಮಿಷದಂತೆ 56 ನಿಮಿಷ. ನಗು, ನೀರು, ಮಗು ಅಳುವುದು ಸೇರಿಸಿ 75 ನಿಮಿಷ ಹಿಡಿದುಕೊಳ್ಳಬೇಕು.

ಕೂರಿಸುವಾಗ ಒಂದು ಎಚ್ಚರ. ಈ ಗುಂಪಿನಲ್ಲಿ ಎರಡು ಅತ್ತೆ ಸೊಸೆ ಜೋಡಿ ಇದ್ದವು. ಚೀಟಿಯಲ್ಲಿ ಅವರು ಎರಡು ಜಾಗದೊಳಗೆ ಹತ್ತಿರ ಬಂದರೆ ಒಬ್ಬಳನ್ನು ಎದುರು ಬದಿಗೆ ಕಳಿಸಬೇಕು. ಸೊಸೆ ಅತ್ತೆಯ ಬಗ್ಗೆ ಹೇಳುವುದು ಹೊಗಳಿಕೆ, ಅತ್ತೆ ಸೊಸೆಯ ಬಗ್ಗೆ ಹೇಳುವುದು ದೂರು. ಎರಡರಿಂದಲೂ ಗುಂಪಿಗೆ ಉಪಯೋಗವಿಲ್ಲ. ಬಾಕಿ ಸಾಲದ ಬಗ್ಗೆ ಮನಸ್ತಾಪ ಇರುವವರನ್ನೂ ಹೀಗೆಯೇ ದೂರ ಕೂರಿಸಬೇಕು, ಇಲ್ಲದಿದ್ದರೆ "ದುಡ್ಡು ವಸೂಲಿ ಮಾಡೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ" ಎಂಬ ಹೊಗಳಿಕೆ ನೇರ ಚುಚ್ಚುಮಾತಾಗುತ್ತದೆ.

ಪ್ರಸಂಗಕ್ಕೆ ಮೂರು ಕಾಲು ಇರಲೇಬೇಕು: ಯಾವಾಗ, ಅವಳು ಕೈಯಾರೆ ಏನು ಮಾಡಿದಳು, ಅದರಿಂದ ಏನು ಉಳಿಯಿತು ಅಥವಾ ಏನು ಸರಿಹೋಯಿತು. ಮೊದಲ ನಾಲ್ಕೈದು ಜನ ಖಂಡಿತ "ಬಾಳ ಒಳ್ಳೆಯೋಳು", "ಸಮಾಧಾನದೋಳು" ಎಂದೇ ಶುರುಮಾಡುತ್ತಾರೆ. ನಡೆಸುವವರು ತಿದ್ದಬಾರದು, "ಯಾವತ್ತು ನೋಡಿದ್ದು?" ಎಂದು ಕೇಳಬೇಕು. ಆ ಒಂದು ಪ್ರಶ್ನೆಗೆ ಮಾತು ತೆಲುಗಿಗೆ ತಿರುಗಿತು, ತಿರುಗಿದ ಕೂಡಲೇ ಪ್ರಸಂಗಗಳು ಬಿಚ್ಚಿಕೊಂಡವು. ಗಡಿ ಕಡೆಯ ಗುಂಪುಗಳಲ್ಲಿ ಸಭೆ ಕನ್ನಡದಲ್ಲೇ ಆಗಬೇಕೆಂದು ಹಟ ಹಿಡಿದರೆ ಅರ್ಧ ಬಲ ಹೊರಗೇ ಉಳಿಯುತ್ತದೆ. ಬರೆದುಕೊಳ್ಳುವುದು ಕನ್ನಡದಲ್ಲಿರಲಿ, ಹೇಳುವುದು ಬಾಯಿಗೆ ಬಂದ ಭಾಷೆಯಲ್ಲಿರಲಿ.

ಹಿರಿಯಳ ಬಲಗಡೆ ಕೂತಿದ್ದವಳು ಹೇಳಿದ ಪ್ರಸಂಗ ಹೀಗೆ: ಗೌರಿ ಹಬ್ಬದ ಮುಂಚೆ ರಾಗಿ ಒಣಗಿದೆ ಎಂದು ಎಲ್ಲರೂ ಮೂಟೆ ಕಟ್ಟುತ್ತಿದ್ದರು. ಈಕೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು "ಇಂಕಾ ಎಂಡಲೇದು" (ಇನ್ನೂ ಒಣಗಿಲ್ಲ) ಎಂದು ಮೂಟೆ ಬಿಚ್ಚಿಸಿದಳು. ಆ ಸಲದ ಮಾಲ್ಟಿಗೆ ಒಂದು ದೂರೂ ಬರಲಿಲ್ಲ.

ಖಾಲಿ ಬಟ್ಟಲಿನ ಮೂವರ ವಿಷಯವೂ ಇಲ್ಲೇ ಹೊರಬಿತ್ತು. ಒಬ್ಬಳು ಸೀಲಿಂಗ್ ಮಷೀನಿನ ಬಿಸಿ ಪಟ್ಟಿಯ ಮೇಲಿನ ಟೆಫ್ಲಾನ್ ಟೇಪು ಸುಟ್ಟುಹೋದಾಗ ಬಿಚ್ಚಿ ಹೊಸದು ಹಾಕಿದ್ದಳು. ಪೊಟ್ಟಣದ ಬಾಯಿಗೆ ಹಿಟ್ಟಿನ ಧೂಳು ಕೂತರೆ ಪ್ಲಾಸ್ಟಿಕ್ಕು ಕರಗಿದರೂ ಅಂಟುವುದಿಲ್ಲ, ಒಣ ಬಟ್ಟೆಯಿಂದ ಒಳಬಾಯಿ ಒರೆಸಿ ಒತ್ತಬೇಕು ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಸೀಲು ಬಿಟ್ಟ ಪೊಟ್ಟಣಗಳು ಅವಳು ಬಾರದ ದಿನದವು. ಇನ್ನೊಬ್ಬಳು ಗಿರಣಿಯಲ್ಲಿ ತಮ್ಮ ರಾಗಿಗೆ ಮುಂಚೆ ಮೆಣಸಿನಕಾಯಿ ಬೀಸಿದ್ದಾರೋ ಇಲ್ಲವೋ ನೋಡಿ, ಬೀಸಿದ್ದರೆ ಎರಡು ಕಿಲೋ ಬರೀ ರಾಗಿ ಓಡಿಸಿ ಆ ಹಿಟ್ಟನ್ನು ಪಕ್ಕಕ್ಕಿಡಿಸುತ್ತಿದ್ದಳು. ಮಗುವಿಗೆ ಕುಡಿಸುವ ಮಾಲ್ಟಿನಲ್ಲಿ ಖಾರ ಬಾರದಿದ್ದುದು ಅವಳಿಂದ. ಮೂರನೆಯವಳ ಬಗ್ಗೆ ಹೇಳಲು ಬಲಗಡೆಯ ಇಬ್ಬರಿಗೂ ಏನೂ ಹೊಳೆಯಲಿಲ್ಲ. ಹೀಗಾದಾಗ ಸುತ್ತಿಗೆಲ್ಲ ತೆರೆದು ಕೇಳಬಾರದು. ಮೌನ ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. "ಮುಂದಿನ ವಾರ ಅವಳ ಜೊತೆ ಒಂದು ದಿನ ಕೆಲಸ ಮಾಡಿ ನೋಡಿ ಹೇಳಿ" ಎಂದು ಆ ಇಬ್ಬರಿಗೇ ಬಾಕಿ ಇಟ್ಟು ಮುಂದೆ ಹೋಗಬೇಕು. ಆ ಬಾಕಿ ಏನಾಯಿತು ಎಂಬುದಕ್ಕೆ ಕೆಳಗೆ ಬರುತ್ತೇವೆ.

ನೆಲದ ಮೇಲೆ ಪಟ

ಪ್ರಸಂಗಗಳು ಬಾಯಲ್ಲೇ ಉಳಿದರೆ ಸಂಜೆಗೆ ಆರಿಹೋಗುತ್ತವೆ. ಉಳಿದ 40 ನಿಮಿಷಕ್ಕೆ ಸಿಮೆಂಟು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮನೆಗಳನ್ನು ಎಳೆಯಲಾಯಿತು: ಅಡ್ಡಕ್ಕೆ 14 ಹೆಸರು, ಉದ್ದಕ್ಕೆ 11 ಕೆಲಸ, ಒಟ್ಟು 154 ಮನೆ. ಒಂದು ಮನೆಗೆ ಅರ್ಧ ಅಡಿ ಎಂದರೆ ಏಳಡಿಗೆ ಐದೂವರೆ ಅಡಿ ಜಾಗ ಸಾಕು. ಒಂದೊಂದು ಅಡಿ ಎಳೆದರೆ ಕೂರಲು ಜಾಗವೇ ಇರುವುದಿಲ್ಲ.

ಕೆಲಸಗಳ ಸಾಲು: ರಾಗಿ ಕೊಳ್ಳುವುದು, ಮೊರದಲ್ಲಿ ಕೇರಿ ಕಲ್ಲು ಆರಿಸುವುದು, ನೆನೆಸಿ ಮೊಳಕೆ ಕಟ್ಟುವುದು, ಒಣಗಿಸಿ ಬೇರು ಉಜ್ಜುವುದು, ಹುರಿಯುವುದು, ಗಿರಣಿ, ಜರಡಿ, ತೂಕ ಮತ್ತು ಸೀಲು, ಲೇಬಲ್ಲು ಮತ್ತು ಬ್ಯಾಚ್ ಪುಸ್ತಕ, ಬಿಲ್ಲು ಮತ್ತು ಬ್ಯಾಂಕು, ಅಂಗಡಿಯವರ ಹತ್ತಿರ ದರ ಮಾತಾಡುವುದು ಮತ್ತು ವಸೂಲಿ. ಕೆಲಸವನ್ನು ಇಷ್ಟು ಬಿಡಿಸದೆ "ಮಾಲ್ಟ್ ಮಾಡುವುದು" ಎಂದು ಒಂದೇ ಸಾಲು ಹಾಕಿದರೆ ಎಲ್ಲರಿಗೂ ಬರುತ್ತದೆ ಎಂದೇ ಕಾಣುತ್ತದೆ.

ಅವರೆಕಾಳು ಇಟ್ಟರೆ "ಬರುತ್ತದೆ, ಕಲಿಸಲೂ ಬಲ್ಲೆ". ಹುರುಳಿಕಾಳು ಇಟ್ಟರೆ "ಬರುತ್ತದೆ". ಕಡಲೆಬೀಜ ಇಟ್ಟರೆ "ಕಲಿಯಬೇಕು". ರಾಗಿಯನ್ನೇ ಗುರುತಾಗಿ ಬಳಸಬಾರದು, ಫ್ಯಾನಿನ ಗಾಳಿಗೆ ಮನೆ ಬದಲಾಯಿಸುತ್ತದೆ. ಬಾಗಿಲೂ ಮುಚ್ಚಿರಲಿ, ಕೋಳಿ ಒಳಗೆ ಬಂದರೆ ಹುರುಳಿಯ ಬಲ ಎಲ್ಲ ಅದರ ಹೊಟ್ಟೆಗೆ.

ಕಾಳು ಇಟ್ಟ ಮೇಲೆ ಅಡ್ಡ ಸಾಲುಗಳನ್ನು ಓದಬೇಕು. ಒಂದೇ ಅವರೆಕಾಳು ಇರುವ ಸಾಲು ಎಂದರೆ ಅಲ್ಲಿ ಗುಂಪು ಒಬ್ಬರ ಆರೋಗ್ಯದ ಮೇಲೆ ನಿಂತಿದೆ. ಇಲ್ಲಿ ಅಂಥವು ನಾಲ್ಕು: ಒಣಗಿಸುವುದು, ಸೀಲು, ಬಿಲ್ಲು, ದರ. ಆಮೇಲೆ ಉದ್ದ ಸಾಲು. ಐದಕ್ಕಿಂತ ಹೆಚ್ಚು ಅವರೆ ಇದ್ದವಳು ಎರಡನೇ ಪ್ರತಿನಿಧಿ ಒಬ್ಬಳೇ. ಬಲ ಇದ್ದವಳ ತಲೆ ಮೇಲೆ ಇನ್ನಷ್ಟು ಕೆಲಸ ಬೀಳುವುದು ಇಂಥ ಚಟುವಟಿಕೆಗಳ ದೊಡ್ಡ ಅಪಾಯ. ಅವಳ ಸಾಲಿಗೆ ಹೊಸ ಕೆಲಸ ಸೇರಿಸುವಂತಿಲ್ಲ, ಕಳೆಯಬೇಕು ಎಂದು ಅಲ್ಲೇ ತೀರ್ಮಾನವಾಯಿತು.

ಖಾಲಿ ಮನೆಯೊಳಗಿನ ಕಲ್ಲು

ಹುರಿಯುವ ಸಾಲಿನಲ್ಲಿ ಅವರೆ ಹುರುಳಿ ಧಾರಾಳ ಇದ್ದವು. ಆದರೂ ಇಬ್ಬರ ಮನೆ ಖಾಲಿ. ಕಡಲೆಬೀಜವನ್ನೂ ಇಟ್ಟಿರಲಿಲ್ಲ. ಕಲಿಯುವ ಆಸೆ ಇಲ್ಲವೇ ಎಂದರೆ ತಲೆ ತಗ್ಗಿಸಿದರು. ಇಬ್ಬರೂ ಊರಾಚೆಯ ಕಾಲೊನಿಯವರು. ಗುಂಪು ಶುರುವಾದಾಗಿನಿಂದ ಅವರಿಗೆ ಬಂದದ್ದು ಮೂಟೆ ಹೊರುವುದು, ಕಲ್ಲು ಆರಿಸುವುದು, ಅಂಗಳ ಗುಡಿಸುವುದು. ಬಾಣಲೆ ಇರುವುದು ಮೊದಲ ಪ್ರತಿನಿಧಿಯ ಅಡುಗೆಮನೆಯಲ್ಲಿ. ಸಟ್ಟುಗ ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ. ಕೊಡುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಬಲ ಹಂಚಿಕೆಯ ಸಿದ್ಧ ಆಟಗಳು ಜಾರುವ ಜಾಗ ಇದು. ಖಾಲಿ ಮನೆಗೆ ಎರಡು ಅರ್ಥ: "ನನಗೆ ಬರುವುದಿಲ್ಲ" ಮತ್ತು "ನನ್ನನ್ನು ಬಿಟ್ಟಿಲ್ಲ". ಎರಡನ್ನೂ ಒಂದೇ ಎಂದು ಬರೆದುಕೊಂಡರೆ ಊರಿನ ಓಣಿಗಳ ಗಡಿಯನ್ನೇ ಪಟದ ಮೇಲೆ ಇನ್ನೊಮ್ಮೆ ಎಳೆದಂತೆ. ಹಾಗಾಗಿ ನಾಲ್ಕನೆಯ ಗುರುತು ಬೇಕು, ಒಂದು ಸಣ್ಣ ಕಲ್ಲು: ಮಾಡಲು ಅವಕಾಶ ಬಂದಿಲ್ಲ. ಇದನ್ನು ಎಲ್ಲರೆದುರು ಯಾರ ಬಾಯಿಂದಲೂ ಹೇಳಿಸಬಾರದು. ಎಲ್ಲರ ಕೈಗೂ ನಾಲ್ಕು ನಾಲ್ಕು ಕಲ್ಲು ಕೊಟ್ಟು, ಚಹಾ ಕುಡಿಯಲು ಹೊರಗೆ ಹೋಗಿರುವಾಗ ಇಬ್ಬಿಬ್ಬರೇ ಒಳಬಂದು ಇಟ್ಟು ಹೋಗಲಿ ಎಂದು ಬಿಡಬೇಕು. ಮರಳಿ ಬಂದು ನೋಡಿದಾಗ ಕಲ್ಲುಗಳು ಕಾಲೊನಿಯ ಇಬ್ಬರ ಮನೆಗಳಲ್ಲಷ್ಟೇ ಅಲ್ಲ, ಬೇರೆಯವರ ಮನೆಗಳಲ್ಲೂ ಇದ್ದವು. ಬ್ಯಾಂಕಿನ ಸಾಲಿನಲ್ಲಿ ಒಂಬತ್ತು ಕಲ್ಲು ಬಿದ್ದಿದ್ದವು. ಪ್ರತಿನಿಧಿಗಳು ಬದಲಾಗದೆ ವರ್ಷಗಳೇ ಆಗಿದ್ದವು ಎಂಬುದು ಆ ಒಂಬತ್ತು ಕಲ್ಲಿನ ಅರ್ಥ. ಮೊದಲ ಪ್ರತಿನಿಧಿಯ ಮುಖ ಸಪ್ಪಗಾಯಿತು. ಅದು ಆಗಲೇಬೇಕಾದದ್ದು.

ಹುರಿಯುವ ತೊಡಕಿಗೆ ಸಿಕ್ಕ ದಾರಿ ಬುದ್ಧಿವಾದದ್ದಲ್ಲ, ಜಾಗದ್ದು. ಬಾಣಲೆ ಒಲೆ ಎರಡನ್ನೂ ಒಬ್ಬರ ಅಡುಗೆಮನೆಯಿಂದ ಗುಂಪಿನ ಬಾಡಿಗೆ ಕೋಣೆಗೆ ತರಲಾಯಿತು. ಸ್ವಂತ ಅಡುಗೆಮನೆಯ ಮಡಿ ಅಲ್ಲಿಗೆ ಬರುವುದಿಲ್ಲ. ಒಬ್ಬ ಸದಸ್ಯೆ ಎರಡು ವಾರ ಹುರಿಯುವ ದಿನ ಬರಲಿಲ್ಲ, ಆಮೇಲೆ ಬಂದಳು. ಅವಳನ್ನು ಯಾರೂ ಕಾರಣ ಕೇಳಲಿಲ್ಲ.

ಕೈಬದಲು

ಒಂಟಿ ಅವರೆಯ ನಾಲ್ಕು ಸಾಲಿಗೂ ಕಡಲೆಬೀಜ ಇಟ್ಟವರಲ್ಲಿ ಒಬ್ಬೊಬ್ಬರನ್ನು ಜೋಡಿ ಮಾಡಲಾಯಿತು. ಕ್ರಮ ನಾಲ್ಕು ಸಲದ್ದು. ಮೊದಲ ಸಲ ನೋಡುವುದು. ಎರಡನೇ ಸಲ ಇಬ್ಬರೂ ಸೇರಿ ಮಾಡುವುದು. ಮೂರನೇ ಸಲ ಕಲಿಯುವವಳು ಮಾಡುವುದು, ಕಲಿಸುವವಳು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಮಾತ್ರ ಹೇಳುವುದು. ನಾಲ್ಕನೇ ಸಲ 5 ಕಿಲೋದ ಸಣ್ಣ ಬ್ಯಾಚನ್ನು ಒಬ್ಬಳೇ. ಕೆಟ್ಟರೆ 5 ಕಿಲೋ ಹೋಗಲಿ. ಮೂರನೇ ಸಲದಲ್ಲಿ ಕೈ ಕಟ್ಟಿಕೊಳ್ಳುವುದೇ ಕಷ್ಟದ ಭಾಗ, "ಕೊಡಿಲ್ಲಿ" ಎಂದು ಕಿತ್ತುಕೊಂಡು ಮಾಡಿಬಿಡುತ್ತಾರೆ.

ಹಿರಿಯಳ ವಿದ್ಯೆ ದಾಟಿಸುವುದು ಮಿಕ್ಕವುಗಳಂತಲ್ಲ. ಹೇಗೆ ಗೊತ್ತಾಗುತ್ತೆ ಅಜ್ಜಿ ಎಂದರೆ "ಗೊತ್ತಾಗ್ತದೆ ಕಣಮ್ಮ, ಅಷ್ಟೇ" ಎನ್ನುತ್ತಾಳೆ. ಬಚ್ಚಿಡುತ್ತಿಲ್ಲ, ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿಲ್ಲ. ಇದಕ್ಕೆ ಐದು ಡಬ್ಬಿಯ ಉಪಾಯ ಕೆಲಸ ಮಾಡುತ್ತದೆ. ಒಣಹಾಕಿದ ರಾಗಿಯಿಂದ ಅರ್ಧ ದಿನಕ್ಕೊಮ್ಮೆ ಒಂದು ಹಿಡಿ ತೆಗೆದು ಮುಚ್ಚಳದ ಡಬ್ಬಿಯಲ್ಲಿಡಬೇಕು. ಐದಾದ ಮೇಲೆ ಸಾಲು ತಪ್ಪಿಸಿ ಅವಳ ಮುಂದಿಟ್ಟು ಒಣಗಿದ ಕ್ರಮದಲ್ಲಿ ಜೋಡಿಸಲು ಹೇಳಬೇಕು. ಆಮೇಲೆ ಪಕ್ಕಪಕ್ಕದ ಎರಡೆರಡನ್ನೇ ತೋರಿಸಿ "ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಎಂದು ಕೇಳಬೇಕು. ಆಗ ಬಂದ ಮಾತು: ಕಚ್ಚಿದರೆ ಒಂದು ಚಪ್ಪಟೆಯಾಗುತ್ತದೆ, ಇನ್ನೊಂದು ಕಟುಕ್ ಎಂದು ಒಡೆಯುತ್ತದೆ. ಮೊರಕ್ಕೆ ಸುರಿದರೆ ಒಂದು ಮೆತ್ತಗೆ ಬೀಳುತ್ತದೆ, ಇನ್ನೊಂದು ಸರಸರ ಹರಿಯುತ್ತದೆ. ಅಂಗೈಯಲ್ಲಿ ಉಜ್ಜಿದರೆ ಒಣಗಿದ್ದರ ಬೇರು ಪುಡಿಯಾಗಿ ಉದುರುತ್ತದೆ, ಹಸಿಯದ್ದು ಸುರುಳಿಯಾಗಿ ಅಂಟಿಕೊಳ್ಳುತ್ತದೆ. ಆ ಬೇರು ಉಳಿದರೆ ಮಾಲ್ಟು ಕಹಿ. ಈ ಮೂರು ಗುರುತನ್ನು ಬ್ಯಾಚ್ ಪುಸ್ತಕದ ಹಿಂಬದಿಗೆ ಬರೆದು, ಕಲಿಯುವವಳಿಗೂ ಅದೇ ಐದು ಡಬ್ಬಿ ಕೊಟ್ಟು ಪರೀಕ್ಷಿಸಲಾಯಿತು. ಮೊದಲ ಸಲ ನಡುವಿನ ಎರಡು ಅದಲು ಬದಲಾದವು, ಮೂರನೇ ಸಲ ಆಗಲಿಲ್ಲ.

ಬಿಲ್ಲಿನ ಕೈಬದಲು ಮಾತ್ರ ಎಳೆದಾಡಿತು. ಎರಡನೇ ಪ್ರತಿನಿಧಿ "ನಾಳೆ ಹೇಳ್ಕೊಡ್ತೀನಿ" ಎನ್ನುತ್ತಲೇ ಒಂದು ತಿಂಗಳು ಕಳೆದಳು. ಸೋಮಾರಿತನ ಎಂದು ಓದಿದರೆ ತಪ್ಪು. ಗುಂಪಿನಲ್ಲಿ ಅವಳಿಗಿದ್ದ ಗೌರವ ಆ ಬಿಲ್ ಪುಸ್ತಕದಿಂದ ಬಂದದ್ದು. ಬ್ಯಾಂಕಿಗೆ ಹೋದ ದಿನದ ಕೂಲಿ, ಬಸ್ ಚಾರ್ಜೂ ಅದರಿಂದಲೇ. ಕಲಿಸಿಕೊಟ್ಟರೆ ತನ್ನ ಕೈ ಖಾಲಿ. ಕಲಿಸುವ ನಾಲ್ಕು ದಿನಕ್ಕೂ ಪೂರ್ತಿ ಕೂಲಿ ಲೆಕ್ಕ ಹಿಡಿಯುವುದೆಂದು ನಡಾವಳಿಯಲ್ಲಿ ಬರೆದ ಮೇಲೆ, ಮತ್ತು ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸದಸ್ಯೆಗೆ ₹40,000ದವರೆಗಿನ ಬಿತ್ತನೆ ಬಂಡವಾಳದ (ಕೆಲಸಕ್ಕೆ ಹೂಡುವ ಮೊದಲ ಹಣದ) ಅರ್ಜಿ ತಯಾರಿಸುವ ಹೊಸ ಕೆಲಸ ಅವಳ ಹೆಸರಿಗೆ ಬಂದ ಮೇಲೆ, ಬೀರುವಿನ ಪುಸ್ತಕ ಬಾಡಿಗೆ ಕೋಣೆಗೆ ಬಂತು. ಅವಳ ತಲೆ ಮೇಲೆ ಹೊಸ ಕೆಲಸ ಹಾಕುವಂತಿಲ್ಲ ಎಂಬ ತೀರ್ಮಾನ ಇಲ್ಲಿ ಮುರಿಯಿತು, ಆದರೆ ಮೂರು ಹಳೆಯವನ್ನು ಇಳಿಸಿ ಒಂದನ್ನು ಏರಿಸಿದ್ದು.

ಬಾಕಿ ಇಟ್ಟಿದ್ದ ಮೂರನೆಯವಳ ಪ್ರಸಂಗ ಹತ್ತು ದಿನದ ಮೇಲೆ ಬಂತು. ಜೊತೆ ಕೆಲಸ ಮಾಡಿದ ಇಬ್ಬರೂ ಹೇಳಿದ್ದು ಒಂದೇ: ತೂಕ ಮಾಡುವಾಗ ಅವಳು ತಕ್ಕಡಿಯನ್ನು ಪ್ರತಿ 20 ಪೊಟ್ಟಣಕ್ಕೊಮ್ಮೆ ಖಾಲಿ ಮಾಡಿ ಸೊನ್ನೆಗೆ ತರುತ್ತಾಳೆ, ತಟ್ಟೆಗೆ ಅಂಟಿದ ಹಿಟ್ಟಿನಿಂದ ತೂಕ ತಪ್ಪುವುದನ್ನು ಹಾಗೆ ಹಿಡಿಯುತ್ತಾಳೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಆರು ತಿಂಗಳ ಮೇಲೆ ಅದೇ ನೆಲದ ಮೇಲೆ ಮತ್ತೆ ಪಟ ಎಳೆದಾಗ ಒಣಗಿಸುವುದು, ಸೀಲು, ಬಿಲ್ಲು ಮೂರಕ್ಕೂ ಎರಡೆರಡು ಅವರೆ ಬಿದ್ದವು. ಹುರಿಯುವ ಸಾಲಿನ ಇಬ್ಬರ ಮನೆಯಲ್ಲಿ ಒಂದು ಹುರುಳಿ, ಒಂದು ಕಡಲೆಬೀಜ. ಬ್ಯಾಂಕಿನ ಕಲ್ಲುಗಳು ಒಂಬತ್ತರಿಂದ ಆರಕ್ಕೆ ಇಳಿದಿದ್ದವು. ದರ ಮಾತಾಡುವ ಸಾಲಿನಲ್ಲಿ ಇನ್ನೂ ಒಂದೇ ಅವರೆ. ಅಲ್ಲಿಗೆ ಜೋಡಿಯಾದವಳು ಎರಡು ಸಲ ಅಂಗಡಿಯ ಬಾಗಿಲವರೆಗೆ ಹೋಗಿ ಮರಳಿದ್ದಾಳೆ. ಮುಂದಿನ ಸಲ ಚಿಂತಾಮಣಿ ಪೇಟೆಯ ಬದಲು ಅವಳ ತವರೂರಿನ ಅಂಗಡಿಯಿಂದ ಶುರುಮಾಡುವುದೆಂದು ನಡಾವಳಿಯಲ್ಲಿದೆ.